ಆಸ್ಪತ್ರೆ ಪುಕ್ಕಟೆ, ಆದರೂ ರಷ್ಯನ್ನರು ಯಾಕೆ ಹೋಗುವುದಿಲ್ಲ?

ಪ್ರಶ್ನೆ: ನನ್ನ ಮಗಳು ರಷ್ಯಾದಲ್ಲಿ, ವೋಲ್ಗಾ ನದಿ ದಂಡೆಯ ಊರೊಂದರಲ್ಲಿ ವೈದ್ಯಕೀಯ ಮೂರನೇ ವರ್ಷ ಓದುತ್ತಿದ್ದಾಳೆ. ಈ ವರ್ಷ ಹಾಸ್ಟೆಲ್ ಬಿಟ್ಟು ಒಬ್ಬ ಅಜ್ಜಿಯ ಮನೆಯಲ್ಲಿ ಕೋಣೆ ಬಾಡಿಗೆಗೆ ಹಿಡಿದಿದ್ದಾಳೆ. ಅಜ್ಜಿಗೆ ಅರವತ್ತೆಂಟು. ಮೆಟ್ಟಿಲು ಹತ್ತಿದರೆ ಎದೆ ಹಿಡಿದುಕೊಳ್ಳುತ್ತದೆ, ನಿಂತು ಸುಧಾರಿಸಿಕೊಳ್ಳುತ್ತಾರೆ. ಸರ್ಕಾರಿ ಪಾಲಿಕ್ಲಿನಿಕ್ ಎರಡು ಬೀದಿ ಆಚೆ ಇದೆ, ಕಾಸಿಲ್ಲದೆ ನೋಡುತ್ತಾರೆ. ಆದರೂ ಹೋಗುವುದಿಲ್ಲ. ಕೊರ್ವಾಲೋಲ್ ಅನ್ನುವ ಹನಿ ಔಷಧಿಯನ್ನು ಸಕ್ಕರೆ ತುಂಡಿಗೆ ಬಿಟ್ಟು ನುಂಗುತ್ತಾರಂತೆ. ಕೊರೊನಾ ಲಸಿಕೆ ಅವರ ದೇಶದ್ದೇ, ಅದನ್ನೂ ಹಾಕಿಸಿಕೊಳ್ಳಲಿಲ್ಲ. ಟಿವಿ ಮುಂದೆ ಕೂತರೆ ಮಾತ್ರ "ನಮ್ಮನ್ನು ನೋಡಿಕೊಳ್ಳುವುದು ಸರ್ಕಾರದ ಕೆಲಸ" ಅಂತ ದಿನಾ ಹೇಳುತ್ತಾರಂತೆ. ಅಲ್ಲಿನ ಸಹಪಾಠಿಗಳು ನನ್ನ ಮಗಳಿಗೆ "ಸರ್ಕಾರಿ ಆಸ್ಪತ್ರೆಗೆ ಕಾಲಿಡಬೇಡ, ದುಡ್ಡು ಕೊಟ್ಟು ಖಾಸಗಿಗೆ ಹೋಗು" ಅನ್ನುತ್ತಾರೆ. ಈ ಜನಕ್ಕೆ ತಮ್ಮ ಸರ್ಕಾರದ ರಕ್ಷಣೆ ಬೇಕೋ ಬೇಡವೋ? ಅಜ್ಜಿಗೆ ಏನು ಹೇಳುವುದು? ನನ್ನ ಮಗಳಿಗೆ ಹುಷಾರು ತಪ್ಪಿದರೆ ಅವಳು ಎಲ್ಲಿಗೆ ಹೋಗಬೇಕು?
ಒಬ್ಬ ತಂದೆ, ದಾವಣಗೆರೆ

ಉತ್ತರ: ಮೊದಲು ಅಜ್ಜಿಯ ಎದೆನೋವು. ಉಳಿದದ್ದನ್ನು ನಿಧಾನವಾಗಿ ಮಾತಾಡಬಹುದು, ಇದು ಕಾಯುವಂಥದ್ದಲ್ಲ.

ಮೆಟ್ಟಿಲು ಹತ್ತುವಾಗ ಎದೆ ಹಿಡಿದು, ನಿಂತರೆ ಬಿಡುತ್ತದೆ ಎಂದರೆ ಹೃದಯಕ್ಕೆ ರಕ್ತ ಒಯ್ಯುವ ನಾಳ ಕಿರಿದಾಗಿರಬಹುದು ಎಂದೇ ಮೊದಲು ಅನುಮಾನಿಸಬೇಕು. ಕೊರ್ವಾಲೋಲ್‌ನಲ್ಲಿ ಇರುವುದು ಫೀನೋಬಾರ್ಬಿಟಾಲ್, ಬ್ರೋಮಿನ್ ಸೇರಿದ ಇನ್ನೊಂದು ಶಮನಕಾರಿ, ಪುದೀನ ಎಣ್ಣೆ ಮತ್ತು ಆಲ್ಕೋಹಾಲ್. ಅದು ಗಾಬರಿ ಇಳಿಸುತ್ತದೆ, ಮಂಪರು ತರುತ್ತದೆ. ನಾಳದೊಳಗಿನ ತೊಂದರೆಯನ್ನು ಅದು ಮುಟ್ಟುವುದೇ ಇಲ್ಲ. ನೋವು ಕಡಿಮೆಯಾದಂತೆ ಅನಿಸುವುದರಿಂದ ಆಸ್ಪತ್ರೆಗೆ ಹೊರಡುವ ಹೊತ್ತು ಮುಂದಕ್ಕೆ ಹೋಗುತ್ತದೆ. ಅದರ ನಿಜವಾದ ಅಪಾಯ ಅಲ್ಲಿದೆ. ನಿಮ್ಮ ಮಗಳಿಗೆ ಹೇಳಿ: ಕೂತು ಐದು ನಿಮಿಷವಾದರೂ ನೋವು ಬಿಡದಿದ್ದರೆ, ಸುಮ್ಮನೆ ಕೂತಾಗಲೇ ಬಂದರೆ, ಬೆವರು ಅಥವಾ ಉಸಿರುಕಟ್ಟು ಜೊತೆಗಿದ್ದರೆ 103ಕ್ಕೆ ಕರೆ ಮಾಡಬೇಕು. 112 ಒತ್ತಿದರೂ ಆಗುತ್ತದೆ. ಕೇಳುವ ವಿವರ ಬಾಯಲ್ಲೇ ಇರಲಿ: ರೋಗಿಯ ವಯಸ್ಸು, ನೋವು ಎಷ್ಟು ಹೊತ್ತಿನಿಂದ, ಮನೆ ವಿಳಾಸ, ಕಟ್ಟಡದ ಎಷ್ಟನೇ ಪ್ರವೇಶದ್ವಾರ, ಎಷ್ಟನೇ ಮಹಡಿ, ಕೆಳಗಿನ ಬಾಗಿಲು ತೆರೆಯುವ ಇಂಟರ್‌ಕಾಮ್ ಸಂಖ್ಯೆ. ಈ ಕೊನೆಯದನ್ನು ಹೇಳದೆ ಬಾಗಿಲ ಬಳಿಯೇ ನಿಮಿಷಗಳು ಕಳೆದುಹೋಗುತ್ತವೆ. ನಗರದಲ್ಲಿ ತುರ್ತು ವಾಹನ 20 ನಿಮಿಷದೊಳಗೆ ಬರಬೇಕೆಂಬ ನಿಯಮವಿದೆ. ಬಂದವರು ಮನೆಯಲ್ಲೇ ಇಸಿಜಿ ತೆಗೆಯುತ್ತಾರೆ.

ಈಗ ನಿಮ್ಮ ದೊಡ್ಡ ಪ್ರಶ್ನೆ. ಹೊರಗಿನಿಂದ ನೋಡುವವರಿಗೆ ಆ ಅಜ್ಜಿಯ ಮಾತಿಗೂ ನಡತೆಗೂ ತಾಳಮೇಳ ಇಲ್ಲ ಅನಿಸುತ್ತದೆ. ನನ್ನ ಅನುಭವದಲ್ಲಿ ಅಲ್ಲಿ ಎರಡು ಬೇರೆ ಬೇರೆ ನಂಬಿಕೆಗಳಿವೆ. ಚಿಕಿತ್ಸೆ ಕೊಡುವುದು ಸರ್ಕಾರದ ಋಣ ಎಂಬುದು ಒಂದು, ಅದು ಗಟ್ಟಿಯಾಗಿದೆ. ಆ ಋಣವನ್ನು ತೀರಿಸಬೇಕಾದ ಕಚೇರಿ, ಕೌಂಟರ್, ಸಾಲುಗಳ ಮೇಲಿನ ನಂಬಿಕೆ ಇನ್ನೊಂದು, ಅದು ತೀರಾ ಸವೆದಿದೆ. ಮೊದಲನೆಯದು ಗಟ್ಟಿಯಾಗಿರುವುದರಿಂದಲೇ ಎರಡನೆಯದರ ನೋವು ಹೆಚ್ಚು.

ಋಣದ ಭಾವನೆ ಎಲ್ಲಿಂದ ಬಂತು? ಕ್ರಾಂತಿಯ ಮರುವರ್ಷ, 1918ರಲ್ಲಿ, ಇಡೀ ದೇಶದ ಆರೋಗ್ಯಕ್ಕೆ ಒಂದೇ ಇಲಾಖೆ ಬಂತು. ಅದರ ಮೊದಲ ಮುಖ್ಯಸ್ಥ ನಿಕೊಲಾಯ್ ಸೆಮಾಶ್ಕೊ. ಒಂದೊಂದು ವಠಾರಕ್ಕೆ ಒಬ್ಬ ವೈದ್ಯರು, ವಠಾರಗಳ ಮೇಲೆ ಪಾಲಿಕ್ಲಿನಿಕ್, ಹಳ್ಳಿಗೆ ಫೆಲ್ಡ್‌ಶರ್ ಎಂಬ ಮಧ್ಯಮ ದರ್ಜೆಯ ಆರೋಗ್ಯ ಸಿಬ್ಬಂದಿ ಮತ್ತು ಸೂಲಗಿತ್ತಿ ಇರುವ ಠಾಣೆ. ಈ ಚೌಕಟ್ಟು ಇಂದಿಗೂ ಉಳಿದಿದೆ. 1977ರ ಸೋವಿಯತ್ ಸಂವಿಧಾನದ 42ನೇ ವಿಧಿ ಆರೋಗ್ಯ ರಕ್ಷಣೆಯನ್ನು ಹಕ್ಕೆಂದಿತು. 1993ರ ರಷ್ಯನ್ ಸಂವಿಧಾನದ 41ನೇ ವಿಧಿ ಸರ್ಕಾರಿ ಮತ್ತು ಪುರಸಭೆ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪುಕ್ಕಟೆ ಎಂದು ಬರೆದೇ ಕೊಟ್ಟಿತು. ಅಜ್ಜಿ ಹುಟ್ಟಿ ಬೆಳೆದದ್ದು ಆ ಮಾತಿನೊಳಗೆ. ಯಾವ ಹಕ್ಕುಗಳು ನಿಮಗೆ ಮುಖ್ಯ ಎಂದು ಸಮೀಕ್ಷೆಗಳು ಕೇಳಿದಾಗೆಲ್ಲ ರಷ್ಯನ್ನರ ಉತ್ತರದಲ್ಲಿ ಪುಕ್ಕಟೆ ಚಿಕಿತ್ಸೆ, ಮುಪ್ಪಿನ ಆಸರೆ ಮೇಲಿನ ಸಾಲಿನಲ್ಲಿ ನಿಲ್ಲುತ್ತವೆ. ವಾಕ್ ಸ್ವಾತಂತ್ರ್ಯ ಹೆಚ್ಚಾಗಿ ಅವುಗಳ ಕೆಳಗೆ ಬರುತ್ತದೆ. ಆಳುವವರ ಬಗ್ಗೆ ನೇರವಾಗಿ ಕೇಳುವ ಪ್ರಶ್ನೆಗಳಿಗೆ, ಮುಖ್ಯವಾಗಿ 2022ರ ನಂತರ, ಜನ ಎಚ್ಚರದಿಂದ ಬಾಯಿ ಬಿಡುತ್ತಾರೆ. ಆಸ್ಪತ್ರೆ, ಪಿಂಚಣಿಯ ಬಗ್ಗೆ ಹಾಗಲ್ಲ, ಬಿಚ್ಚಿ ಮಾತಾಡುತ್ತಾರೆ. ಹಾಗಾಗಿ ಈ ಉತ್ತರಗಳನ್ನು ನಾನು ಹೆಚ್ಚು ನಂಬುತ್ತೇನೆ.

ಸೋವಿಯತ್ ಕಾಲದಲ್ಲಿ ಎಲ್ಲವೂ ಚೆನ್ನಾಗಿತ್ತು ಎಂಬುದು ಮಾತ್ರ ನೆನಪು ಕಟ್ಟಿಕೊಟ್ಟ ಕಥೆ. ಪಕ್ಷದ ಮೇಲಿನವರಿಗೆ ಪ್ರತ್ಯೇಕ ಆಸ್ಪತ್ರೆಗಳಿದ್ದವು. ಒಳ್ಳೆಯ ಶಸ್ತ್ರವೈದ್ಯರ ಕೈಗೆ ಸೇರಲು ಪರಿಚಯ ಬೇಕಿತ್ತು, ಕಾನ್ಯಾಕ್ ಬಾಟಲಿ ಅಥವಾ ಚಾಕೊಲೇಟ್ ಪೆಟ್ಟಿಗೆ ಕೊಡುವುದು ರೂಢಿಯಾಗಿತ್ತು. ವ್ಯವಸ್ಥೆಗಿಂತ "ನಮ್ಮ ಡಾಕ್ಟರ್" ಮುಖ್ಯ ಎಂಬ ಪಾಠ ಆಗಲೇ ಮನಸ್ಸಿಗೆ ಇಳಿದಿತ್ತು. ನಂತರ ಬಂದ ತೊಂಬತ್ತರ ದಶಕದಲ್ಲಿ ಸಂಬಳ ನಿಂತಿತು, ಔಷಧಿ ಸಿಗಲಿಲ್ಲ. 1987ರ ಹೊತ್ತಿಗೆ 65ರ ಆಸುಪಾಸು ಇದ್ದ ಗಂಡಸರ ಸರಾಸರಿ ಆಯಸ್ಸು 1994ರಲ್ಲಿ 58ಕ್ಕೂ ಕೆಳಗಿಳಿಯಿತು. ಯುದ್ಧ ಬರಗಾಲಗಳಿಲ್ಲದ ಕಾಲದಲ್ಲಿ ಇಂಥ ಕುಸಿತ ಅಪರೂಪ. ಆ ದಶಕ ಕಂಡವರು ಸರ್ಕಾರ ಕೈಬಿಡಬಲ್ಲದು ಎಂಬುದನ್ನು ಮರೆಯುವುದಿಲ್ಲ.

"ಪುಕ್ಕಟೆ" ಎಂಬ ಮಾತಿನಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. 1991ರ ಕಾನೂನಿನಿಂದ ಕಡ್ಡಾಯ ಆರೋಗ್ಯ ವಿಮೆ, ಅಲ್ಲಿನವರ ಬಾಯಲ್ಲಿ ಓಎಂಎಸ್, ಬಂತು. ಈಗ ಅದನ್ನು ನಡೆಸುವುದು 2010ರ 326ನೇ ಫೆಡರಲ್ ಕಾನೂನು. ದುಡಿಯುವವರ ಪರವಾಗಿ ಮಾಲೀಕರು ಬಹುಕಾಲ ಸಂಬಳದ ಮೇಲೆ 5.1 ಪ್ರತಿಶತ ಕಟ್ಟುತ್ತಿದ್ದರು. 2023ರಿಂದ ಪಿಂಚಣಿ, ವಿಮೆ ಎಲ್ಲ ಸೇರಿ 30 ಪ್ರತಿಶತದ ಒಂದೇ ಕಂತಾಗಿದೆ. ಮಕ್ಕಳು, ವೃದ್ಧರ ಪಾಲನ್ನು ಪ್ರಾಂತೀಯ ಸರ್ಕಾರ ಕಟ್ಟುತ್ತದೆ. ಈ ಹಣ ಸಂಬಳದ ಚೀಟಿಯಲ್ಲಿ ಕಡಿತವಾಗಿ ಕಾಣುವುದಿಲ್ಲ, ಅಲ್ಲಿ ಕಾಣುವುದು ಆದಾಯ ತೆರಿಗೆ ಮಾತ್ರ. ತನ್ನ ದುಡಿಮೆಯಿಂದಲೇ ಹೋದ ಹಣ ಎಂದು ಗೊತ್ತಿದ್ದರೆ ಕೌಂಟರಿನಲ್ಲಿ ಗ್ರಾಹಕನ ಧೈರ್ಯದಿಂದ ಕೇಳಬಹುದಿತ್ತು. ಗೊತ್ತಿಲ್ಲದವರು ದಾನ ಪಡೆಯುವವರ ಹಾಗೆ ಹಿಂಜರಿಯುತ್ತಾರೆ, ಇಲ್ಲವೇ ಸಿಟ್ಟಾಗಿ ಮನೆಗೆ ಹೋಗುತ್ತಾರೆ.

ಸಿಟ್ಟಿಗೆ ಕಾರಣ ಇಲ್ಲವೇ ಅಂದರೆ, ಇದೆ. ಕಾಗದದ ಮೇಲಿನ ನಿಯಮ ಒಳ್ಳೆಯದೇ. ವಠಾರದ ವೈದ್ಯರು 24 ಗಂಟೆಯೊಳಗೆ ನೋಡಬೇಕು. ತಜ್ಞರ ಭೇಟಿಗೆ, ಸಿಟಿ ಅಥವಾ ಎಂಆರ್‌ಐಗೆ 14 ಕೆಲಸದ ದಿನ ಮೀರಬಾರದು. ಕ್ಯಾನ್ಸರ್ ಅನುಮಾನ ಇದ್ದರೆ ತಜ್ಞರು 3 ಕೆಲಸದ ದಿನದಲ್ಲಿ ನೋಡಬೇಕು, ಪರೀಕ್ಷೆ 7 ಕೆಲಸದ ದಿನದಲ್ಲಿ ಮುಗಿಯಬೇಕು. ಆದರೆ ತಜ್ಞರನ್ನು ಕಾಣಲು ವಠಾರದ ವೈದ್ಯರ ಚೀಟಿ ಬೇಕು. ಬೆಳಿಗ್ಗೆ ಆನ್‌ಲೈನ್‌ನಲ್ಲಿ ತೆರೆಯುವ ಟಾಲೋನ್‌ಗಳು, ಅಂದರೆ ಭೇಟಿಯ ಟೋಕನ್‌ಗಳು, ಬೇಗ ಖಾಲಿಯಾಗುತ್ತವೆ. "ಟಾಲೋನ್ ಇಲ್ಲ, ನಾಳೆ ನೋಡಿ" ಎಂದು ಬಾಯಿಮಾತಿನಲ್ಲಿ ಕಳಿಸಿದರೆ ಕೋರಿಕೆ ಎಲ್ಲೂ ದಾಖಲಾಗುವುದಿಲ್ಲ, 14 ದಿನದ ಎಣಿಕೆಯೂ ಶುರುವಾಗುವುದಿಲ್ಲ. ಒಳಗೆ ಹೋದ ಮೇಲೆ ಸಿಗುವ ಹೊತ್ತನ್ನೂ 2015ರ ಆದೇಶವೊಂದು ಅಳೆದಿದೆ: ವಠಾರದ ವೈದ್ಯರಿಗೆ ರೋಗಿಯೊಬ್ಬರಿಗೆ 15 ನಿಮಿಷ, ಕಣ್ಣಿನ ತಜ್ಞರಿಗೆ 14, ನರರೋಗ ತಜ್ಞರಿಗೆ 22. ಅದರಲ್ಲಿ ದಾಖಲೆ ತುಂಬುವ ಸಮಯವೂ ಸೇರಿದೆ. ರೋಗಿಯ ಮುಖ ನೋಡಲು ಉಳಿಯುವುದು ಸ್ವಲ್ಪವೇ.

2000ದಿಂದ 2015ರ ನಡುವೆ ದೇಶದ ಆಸ್ಪತ್ರೆಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಸಣ್ಣವನ್ನು ದೊಡ್ಡವಕ್ಕೆ ಸೇರಿಸಿದರು, ಹಲವನ್ನು ಮುಚ್ಚಿದರು. 2014ರ ನವೆಂಬರಿನಲ್ಲಿ ಮಾಸ್ಕೋದಲ್ಲಿ ವೈದ್ಯರೇ ಬೀದಿಗಿಳಿದರು. ಹಲವು ಪ್ರಾಂತ್ಯಗಳಲ್ಲಿ ಈ ಕೆಲಸ ಕೆಟ್ಟದಾಗಿ ನಡೆದಿದೆ ಎಂದು 2019ರಲ್ಲಿ ಉಪಪ್ರಧಾನಿ ತತ್ಯಾನಾ ಗೋಲಿಕೋವಾ ಅವರೇ ಒಪ್ಪಿಕೊಂಡರು. ಖಾಲಿ ಹಾಸಿಗೆಗಳನ್ನು ಕಡಿಮೆ ಮಾಡುವ ತರ್ಕದಲ್ಲಿ ಹುರುಳಿತ್ತು. ಆದರೆ ಹಳ್ಳಿಯ ಆಸ್ಪತ್ರೆ ಮುಚ್ಚಿದಾಗ ಅದರ ಜಾಗಕ್ಕೆ ರಸ್ತೆಯೂ ಬರಲಿಲ್ಲ, ಬಸ್ಸೂ ಬರಲಿಲ್ಲ. ಹಳ್ಳಿಗೆ ಹೋಗುವ ವೈದ್ಯರಿಗೆ 2012ರಿಂದ ಹತ್ತು ಲಕ್ಷ ರೂಬಲ್ ಕೊಡುವ ಯೋಜನೆ ಇದೆ. ಬಂದವರಲ್ಲಿ ಒಪ್ಪಂದದ ಐದು ವರ್ಷ ಮುಗಿಯುತ್ತಲೇ ಊರು ಬಿಡುವವರಿದ್ದಾರೆ.

ವೈದ್ಯರ ಕಡೆಯಿಂದಲೂ ಭಯ ಇದೆ, ಇದನ್ನು ಹೊರಗಿನವರು ಗಮನಿಸುವುದು ಕಡಿಮೆ. ಚಿಕಿತ್ಸೆಯ ತಪ್ಪುಗಳ ಮೇಲೆ ಕ್ರಿಮಿನಲ್ ತನಿಖೆ ನಡೆಸಲು 2018ರಲ್ಲಿ ತನಿಖಾ ಸಮಿತಿ ಎಂಬ ಕೇಂದ್ರ ಸಂಸ್ಥೆಯೊಳಗೆ ವಿಶೇಷ ಘಟಕಗಳು ಬಂದವು. ಆಮೇಲೆ ಕಷ್ಟದ ರೋಗಿಯನ್ನು ಮುಟ್ಟಲು ಹಿಂಜರಿಯುವುದು, ಬೇರೆ ಕಡೆಗೆ ಬರೆದು ಕಳಿಸುವುದು ಹೆಚ್ಚಿತು. ರೋಗಿ ವೈದ್ಯರನ್ನು ನಂಬುವುದಿಲ್ಲ, ವೈದ್ಯರು ರೋಗಿಯನ್ನು ನಂಬುವುದಿಲ್ಲ.

ಹೀಗಿರುವಾಗ ಪಾಲಿಕ್ಲಿನಿಕ್‌ಗೆ ಹೋಗುವವರು ಯಾಕೆ ಹೋಗುತ್ತಾರೆ? ಬಹಳ ಮಂದಿಗೆ ಅದು ಕಾಗದ ಪಡೆಯುವ ಜಾಗ. ರಜೆಯ ಸಂಬಳ ಬೇಕಾದರೆ ವೈದ್ಯರ ಅನಾರೋಗ್ಯ ಪತ್ರ ಬೇಕು, 2022ರಿಂದ ಅದು ವಿದ್ಯುನ್ಮಾನ ರೂಪದಲ್ಲಿದೆ. ಐದು ವರ್ಷಕ್ಕಿಂತ ಕಡಿಮೆ ಸೇವೆ ಇದ್ದವರಿಗೆ ಸಂಬಳದ 60 ಪ್ರತಿಶತ, ಐದರಿಂದ ಎಂಟಾದರೆ 80, ಅದಕ್ಕೂ ಮೇಲಾದರೆ ಪೂರ್ತಿ ಸಿಗುತ್ತದೆ. ಜ್ವರಕ್ಕೆ ಔಷಧಿಯನ್ನು ಅಂಗಡಿಯಿಂದ ತಾವೇ ತಂದು ನುಂಗಿ, ಪತ್ರಕ್ಕಾಗಿ ಸಾಲಿನಲ್ಲಿ ನಿಲ್ಲುತ್ತಾರೆ. ಪುಕ್ಕಟೆ ಆರೋಗ್ಯ ತಪಾಸಣೆಯ ಬಗ್ಗೆಯೂ ಇದೇ ಧೋರಣೆ. 18ರಿಂದ 39 ವರ್ಷದವರೆಗೆ ಮೂರು ವರ್ಷಕ್ಕೊಮ್ಮೆ, 40ರ ನಂತರ ಪ್ರತಿ ವರ್ಷ ಆ ಹಕ್ಕಿದೆ, ಕೆಲಸದಿಂದ ಸಂಬಳಸಹಿತ ಬಿಡುವೂ ಇದೆ. ತಾವು ಮಾಡಿಸಿಕೊಳ್ಳದ ಪರೀಕ್ಷೆಗಳು ತಮ್ಮ ಆನ್‌ಲೈನ್ ಖಾತೆಯಲ್ಲಿ "ಆಗಿದೆ" ಎಂದು ದಾಖಲಾಗಿರುವುದನ್ನು ಕಂಡವರು ಅದನ್ನು ಲೆಕ್ಕ ತುಂಬುವ ಕೆಲಸ ಎಂದುಕೊಂಡರು. ತಪಾಸಣೆ ಮಾತ್ರ ನಿಜಕ್ಕೂ ಉಪಯೋಗದ್ದು. ಅಜ್ಜಿಯ ರಕ್ತದೊತ್ತಡ, ಕೊಲೆಸ್ಟರಾಲ್, ಇಸಿಜಿ ಮೂರೂ ಅದರಲ್ಲೇ ಆಗಿಬಿಡುತ್ತವೆ.

ಸರ್ಕಾರದ ರಕ್ಷಣೆಯ ಮೇಲೆ ಜನರ ಮನಸ್ಸು ಮುರಿದ ಎರಡು ಘಟನೆ ತಿಳಿಯದೆ ಅಜ್ಜಿಯ ತಲೆಮಾರು ಅರ್ಥವಾಗುವುದಿಲ್ಲ. 2004ರ 122ನೇ ಕಾನೂನು ವೃದ್ಧರ, ಅಂಗವಿಕಲರ, ಯುದ್ಧದಲ್ಲಿ ಹೋರಾಡಿದವರ ಪುಕ್ಕಟೆ ಬಸ್ಸು, ಔಷಧಿಯಂಥ ಸೌಲಭ್ಯಗಳ ಬದಲಿಗೆ ತಿಂಗಳಿಗಿಷ್ಟು ನಗದು ಎಂದಿತು. 2005ರ ಜನವರಿಯಲ್ಲಿ ಅದು ಜಾರಿಯಾದಾಗ ಮಾಸ್ಕೋ ಪಕ್ಕದ ಖಿಮ್ಕಿಯಲ್ಲಿ ಪಿಂಚಣಿದಾರರು ಹೆದ್ದಾರಿ ತಡೆದರು, ಪ್ರತಿಭಟನೆ ಊರೂರಿಗೆ ಹಬ್ಬಿತು. ಔಷಧಿಯ ವಿಷಯದಲ್ಲಿ ಅದು ಇನ್ನೊಂದು ಪೆಟ್ಟು ಕೊಟ್ಟಿತು. ಔಷಧಿ ಬೇಕೋ ನಗದು ಬೇಕೋ ಎಂದು ಆರಿಸಿಕೊಳ್ಳಲು ಬಿಟ್ಟಾಗ ಆರೋಗ್ಯವಾಗಿದ್ದವರು ನಗದು ಆರಿಸಿದರು. ದುಬಾರಿ ಕಾಯಿಲೆಯವರು ಔಷಧಿಯಲ್ಲಿ ಉಳಿದರು. ತಲೆಗಿಷ್ಟು ಎಂದು ಇಟ್ಟ ಹಣ ಅವರಿಗೆ ಸಾಲದೆ, "ಔಷಧಿ ಬಂದಿಲ್ಲ" ಎಂಬ ಉತ್ತರ ಸಾಮಾನ್ಯವಾಯಿತು. ಅದನ್ನು ನೋಡಿ ಇನ್ನಷ್ಟು ಜನ ನಗದಿಗೆ ಹೋದರು. ಎರಡನೆಯದು 2018ರ ಪಿಂಚಣಿ ಬದಲಾವಣೆ. ಫುಟ್‌ಬಾಲ್ ವಿಶ್ವಕಪ್ ಶುರುವಾದ ದಿನವೇ ಪ್ರಕಟಿಸಿದರು. ಕೊನೆಗೆ ಗಂಡಸರ ವಯಸ್ಸು 60ರಿಂದ 65ಕ್ಕೆ, ಹೆಂಗಸರದು 55ರಿಂದ 60ಕ್ಕೆ ಹಂತಹಂತವಾಗಿ ಏರುವಂತೆ ನಿಂತಿತು. ಗಂಡಸರ ಸರಾಸರಿ ಆಯಸ್ಸು 70ನ್ನೂ ಮುಟ್ಟದ ದೇಶದಲ್ಲಿ "ಪಿಂಚಣಿ ತನಕ ಬದುಕಿರಲ್ಲ" ಎಂಬ ಮಾತು ಮನೆಮನೆಯಲ್ಲಿ ಕೇಳಿಬಂತು. ಪುಟಿನ್ ಜನಪ್ರಿಯತೆ ಆ ಬೇಸಿಗೆಯಲ್ಲಿ ಗಣನೀಯವಾಗಿ ಕುಸಿಯಿತು.

ಈ ಸಿಟ್ಟಿನ ಪಕ್ಕದಲ್ಲೇ ನಂಬಿಕೆ ಉಳಿಸಿಕೊಂಡ ಯೋಜನೆಗಳೂ ಇವೆ. 2007ರಲ್ಲಿ ಎರಡನೇ ಮಗುವಿಗೆ 2,50,000 ರೂಬಲ್‌ನ ತಾಯ್ತನದ ನಿಧಿ ಬಂತು, 2020ರಿಂದ ಮೊದಲ ಮಗುವಿಗೂ ಸಿಗುತ್ತದೆ. ಇದನ್ನು ಜನ ನಂಬುತ್ತಾರೆ. ಮೊತ್ತ ನಿಗದಿಯಾಗಿದೆ, ಪ್ರಮಾಣಪತ್ರ ಕೈಯಲ್ಲಿದೆ, ಎಲ್ಲಿ ಬಳಸಬಹುದೆಂದು ಬರೆದಿದೆ. ಪಿಂಚಣಿಯೂ ಹೇಳಿದ ದಿನ ಬರುತ್ತದೆ. ಅಪರೂಪದ ಕಾಯಿಲೆಯ ಮಕ್ಕಳಿಗಾಗಿ 2021ರಲ್ಲಿ ಸ್ಥಾಪಿಸಿದ "ಕ್ರುಗ್ ದೊಬ್ರಾ" ನಿಧಿಗೆ ವರ್ಷಕ್ಕೆ 50 ಲಕ್ಷ ರೂಬಲ್ ಮೀರಿದ ಆದಾಯದ ಮೇಲಿನ ಹೆಚ್ಚುವರಿ ತೆರಿಗೆಯನ್ನು ಮೀಸಲಿಟ್ಟರು. ಅದಕ್ಕೆ ಮುಂಚೆ ಆ ಮಕ್ಕಳ ತಂದೆತಾಯಿ ಜನರಿಂದ ಎಸ್‌ಎಂಎಸ್ ದೇಣಿಗೆ ಬೇಡುತ್ತಿದ್ದರು. ಎಣಿಸಿ ಕೈಗೆ ಕೊಡುವ ನೆರವನ್ನು ರಷ್ಯನ್ನರು ಒಪ್ಪುತ್ತಾರೆ. ಕೌಂಟರಿನ ಹಿಂದಿರುವವರ ಮರ್ಜಿಯಿಂದ ಸಿಗುವ ನೆರವಿನಿಂದ ದೂರ ಸರಿಯುತ್ತಾರೆ.

ಲಸಿಕೆಯ ಕಥೆಯನ್ನೂ ಇದೇ ಹಿನ್ನೆಲೆಯಲ್ಲಿ ನೋಡಿ. ಸ್ಪುಟ್ನಿಕ್–ವಿಗೆ 2020ರ ಆಗಸ್ಟ್ 11ರಂದು, ಮೂರನೇ ಹಂತದ ಪ್ರಯೋಗ ಮುಗಿಯುವ ಮುಂಚೆಯೇ ನೋಂದಣಿ ಸಿಕ್ಕಿತು. ಲಸಿಕೆ ಕೆಟ್ಟದ್ದಾಗಿರಲಿಲ್ಲ. 2021ರ ಫೆಬ್ರವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಮಧ್ಯಂತರ ಫಲಿತಾಂಶ 91.6 ಪ್ರತಿಶತ ಪರಿಣಾಮ ತೋರಿಸಿತು. ಅದೇ ಹೊತ್ತಿಗೆ ಲೆವಾದಾ ಕೇಂದ್ರ ಎಂಬ ಜನಾಭಿಪ್ರಾಯ ಸಂಸ್ಥೆಯ ಸಮೀಕ್ಷೆಯಲ್ಲಿ 62 ಪ್ರತಿಶತ ಜನ ಹಾಕಿಸಿಕೊಳ್ಳಲು ಸಿದ್ಧರಿಲ್ಲ ಎಂದರು. ಆತುರದ ನೋಂದಣಿ, ವಿದೇಶಿ ಲಸಿಕೆಗಳನ್ನು ಬೈದು ಬೈದು ಲಸಿಕೆ ಎಂಬುದರ ಮೇಲೇ ಸಂಶಯ ಬಿತ್ತಿದ ಟಿವಿ, ಮಾರ್ಚ್ 23ರಂದು ಕ್ಯಾಮೆರಾ ಇಲ್ಲದೆ ಲಸಿಕೆ ಪಡೆದ ಅಧ್ಯಕ್ಷರು, ಒಂದು ಇಲಾಖೆ ಹೇಳಿದ ಸಾವಿನ ಲೆಕ್ಕ ಇನ್ನೊಂದರ ಲೆಕ್ಕಕ್ಕೆ ಹೊಂದದಿದ್ದುದು, ಇಷ್ಟೂ ಸೇರಿತು. 2020 ಮತ್ತು 2021ರಲ್ಲಿ ಸಾಮಾನ್ಯ ವರ್ಷಗಳಿಗಿಂತ ಸುಮಾರು ಹತ್ತು ಲಕ್ಷ ಹೆಚ್ಚು ಜನ ಸತ್ತರು. ಇವರು ಲಸಿಕೆಯ ವಿರೋಧಿಗಳು ಎಂದು ತೀರ್ಮಾನಿಸುವುದೂ ತಪ್ಪು. ಮಕ್ಕಳ ಮಾಮೂಲಿ ಲಸಿಕೆಗಳ ಅಧಿಕೃತ ಪ್ರಮಾಣ 95 ಪ್ರತಿಶತಕ್ಕೂ ಮೇಲಿದೆ.

"ಖಾಸಗಿಯೇ ವಾಸಿ" ಎಂಬ ಸಹಪಾಠಿಗಳ ಮಾತು ಅರ್ಧ ನಿಜ. ಚರ್ಮ, ಹಲ್ಲು, ಸ್ಕ್ಯಾನ್, ರಕ್ತಪರೀಕ್ಷೆ, ಬೇಗ ತಜ್ಞರ ಅಭಿಪ್ರಾಯ, ಇವಕ್ಕೆ ಖಾಸಗಿ ಸರಿ. ಹೃದಯಾಘಾತ, ಪಾರ್ಶ್ವವಾಯು, ಅಪಘಾತ, ಕ್ಷಯ, ಹೆರಿಗೆಯ ತೊಡಕು, ಕ್ಯಾನ್ಸರಿನ ದೊಡ್ಡ ಚಿಕಿತ್ಸೆ, ಇವೆಲ್ಲ ಹೆಚ್ಚಾಗಿ ಸರ್ಕಾರದ ಕೈಯಲ್ಲೇ ಇವೆ. 2008ರಿಂದ ಪ್ರಾಂತ್ಯಗಳಲ್ಲಿ ರಕ್ತನಾಳ ಚಿಕಿತ್ಸಾ ಕೇಂದ್ರಗಳನ್ನು ಕಟ್ಟಿದ್ದಾರೆ, ಸ್ಟೆಂಟ್ ಹಾಕುವ ತಂಡ ಇರುವುದು ಅಲ್ಲಿ. ಸರ್ಕಾರಿ ಆಸ್ಪತ್ರೆ ಎಂದರೆ ಮೂಗು ಮುರಿಯುವ ನಮ್ಮವರೂ ಎದೆನೋವಿಗೆ ಜಯದೇವಕ್ಕೆ, ಕ್ಯಾನ್ಸರಿಗೆ ಕಿದ್ವಾಯಿಗೆ ಓಡುತ್ತಾರಲ್ಲ, ಹಾಗೆ. ಖಾಸಗಿಯಲ್ಲಿ ಬೇಡದ ಪರೀಕ್ಷೆಗಳ ಪಟ್ಟಿ ಉದ್ದವಾಗುವ ಅಪಾಯವೂ ಇದೆ. ಒಪ್ಪಂದ ಪತ್ರ, ರಸೀದಿ ಇಲ್ಲದೆ ದುಡ್ಡು ಕೊಡಬಾರದು.

ಅಜ್ಜಿಗೆ ಹೇಳಬೇಕಾದದ್ದು ಹೀಗೆ. ಹೃದಯ ತಜ್ಞರ ಬೆನ್ನು ಹತ್ತುವ ಮುನ್ನ ವಠಾರದ ವೈದ್ಯರ ಭೇಟಿ. ಆನ್‌ಲೈನ್ ಬಾರದಿದ್ದರೆ 122ಕ್ಕೆ ಫೋನ್. "ವಾರ್ಷಿಕ ತಪಾಸಣೆಗೆ ಬಂದಿದ್ದೇನೆ, ಮೆಟ್ಟಿಲು ಹತ್ತಿದರೆ ಎದೆ ನೋಯುತ್ತದೆ" ಎಂದು ಎರಡನ್ನೂ ಒಟ್ಟಿಗೆ ಹೇಳಲಿ. ತಜ್ಞರ ಟಾಲೋನ್ ಇಲ್ಲ ಎಂದರೆ ಕಾಯುವವರ ಪಟ್ಟಿಗೆ ಹೆಸರು ಸೇರಿಸಲು ಕೇಳಲಿ. ಆಗದಿದ್ದರೆ ಮುಖ್ಯ ವೈದ್ಯಾಧಿಕಾರಿಗೆ ಬರವಣಿಗೆಯಲ್ಲಿ ಕೊಡಬೇಕು, ಜೊತೆಗೆ ತನ್ನ ಓಎಂಎಸ್ ವಿಮಾ ಕಂಪನಿಗೆ ಫೋನ್ ಮಾಡಬೇಕು. ಆಸ್ಪತ್ರೆಗೆ ದುಡ್ಡು ಹೋಗುವುದು ಆ ಕಂಪನಿಯ ಮೂಲಕ, ದಂಡ ಹಾಕುವ ಅಧಿಕಾರವೂ ಅದಕ್ಕಿದೆ, ಆದ್ದರಿಂದ ಆ ಫೋನ್ ಕೆಲಸ ಮಾಡುತ್ತದೆ. ರೋಗಿಗೆ ನೆರವಾಗಲು ಆ ಕಂಪನಿ ಇಟ್ಟಿರುವ ವಿಮಾ ಪ್ರತಿನಿಧಿಯ ಬಗ್ಗೆ ಗೊತ್ತೇ ಇಲ್ಲದ ವೃದ್ಧರು ಬಹಳ. ಅದಕ್ಕೂ ಮೇಲೆ ಪ್ರಾಂತೀಯ ವಿಮಾ ನಿಧಿ, ರೋಸ್‌ಜ್ದ್ರಾವ್‌ನಾದ್ಜೋರ್ ಎಂಬ ಮೇಲ್ವಿಚಾರಣಾ ಸಂಸ್ಥೆ, ಪ್ರಾಸಿಕ್ಯೂಟರ್ ಕಚೇರಿ ಇವೆ. ಸರ್ಕಾರಿ ಕಚೇರಿಗಳು ಲಿಖಿತ ಅರ್ಜಿಗೆ 30 ದಿನದೊಳಗೆ ಉತ್ತರಿಸಬೇಕೆಂದು 2006ರ 59ನೇ ಕಾನೂನು ಹೇಳುತ್ತದೆ. ವಠಾರದ ವೈದ್ಯರು ಹಿಡಿಸದಿದ್ದರೆ ವರ್ಷಕ್ಕೊಮ್ಮೆ ಬದಲಾಯಿಸಿಕೊಳ್ಳಬಹುದು. ಔಷಧಿಯ ಖರ್ಚಿನ ಭಯವೂ ಅಜ್ಜಿಗೆ ಇರಬಹುದು. ಹೃದಯಾಘಾತವಾದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ 2020ರಿಂದ ಒಂದು ವರ್ಷ ಪುಕ್ಕಟೆ ಔಷಧಿ ಕೊಡಲು ಶುರು ಮಾಡಿದರು, ಆಮೇಲೆ ಎರಡು ವರ್ಷಕ್ಕೆ ವಿಸ್ತರಿಸಿದರು. ಕೊರ್ವಾಲೋಲ್ ದಿನಾ ತೆಗೆದುಕೊಳ್ಳುತ್ತಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಫೀನೋಬಾರ್ಬಿಟಾಲ್ ಇತರ ಔಷಧಿಗಳ ಪರಿಣಾಮ ತಗ್ಗಿಸುತ್ತದೆ, ಬಹುಕಾಲದ ರೂಢಿ ಇದ್ದರೆ ಒಮ್ಮೆಲೇ ನಿಲ್ಲಿಸುವುದೂ ಕ್ಷೇಮವಲ್ಲ.

ನಿಮ್ಮ ಮಗಳ ವಿಷಯ ಬೇರೆ. ಓದಲು ಬಂದ ವಿದೇಶಿಯರಿಗೆ ಸಾಮಾನ್ಯವಾಗಿ ಓಎಂಎಸ್ ಸಿಗುವುದಿಲ್ಲ. ಜೀವಕ್ಕೆ ಅಪಾಯವಿದ್ದರೆ 103ರ ತುರ್ತು ನೆರವು ವಿದೇಶಿಯರಿಗೂ ಪುಕ್ಕಟೆ, 2013ರ 186ನೇ ಸರ್ಕಾರಿ ನಿಯಮ ಹಾಗೆನ್ನುತ್ತದೆ. ಅಪಾಯ ಕಳೆದ ಮೇಲಿನ ಚಿಕಿತ್ಸೆಗೆ ಬಿಲ್ ಬರುತ್ತದೆ. ಅದಕ್ಕಾಗಿ ಸ್ವಯಂಪ್ರೇರಿತ ವಿಮೆ, ಡಿಎಂಎಸ್, ಬೇಕು. ವಿಶ್ವವಿದ್ಯಾಲಯದ ಮೂಲಕ ಕೊಳ್ಳುವ ಅಗ್ಗದ ವಿಮೆಗಳಲ್ಲಿ ಹಳೆಯ ಕಾಯಿಲೆ, ಹಲ್ಲು, ಯೋಜಿತ ಶಸ್ತ್ರಚಿಕಿತ್ಸೆ ಹೊರಗಿರುವುದು ಸಾಮಾನ್ಯ. ಪುಟ ತಿರುಗಿಸಿ ನೋಡಬೇಕಾದದ್ದು ಹೊರಗಿಟ್ಟ ಕಾಯಿಲೆಗಳ ಪಟ್ಟಿ, ಒಟ್ಟು ಮೊತ್ತದ ಮಿತಿ, ಒಪ್ಪಂದವಿರುವ ಆಸ್ಪತ್ರೆಗಳು, ತಾಯ್ನಾಡಿಗೆ ಕಳಿಸುವ ಖರ್ಚು ಸೇರಿದೆಯೇ ಎಂಬುದು. ಹುಷಾರು ತಪ್ಪಿದಾಗ ನೇರವಾಗಿ ಆಸ್ಪತ್ರೆಗೆ ಹೋಗಿ ಆಮೇಲೆ ಬಿಲ್ ಕಳಿಸಿದರೆ ಬಹಳ ಕಂಪನಿಗಳು ಕೊಡುವುದಿಲ್ಲ. ವಿಮೆಯ ಮೇಲಿರುವ ಸಹಾಯವಾಣಿಗೆ ಮೊದಲು ಫೋನ್ ಮಾಡಿ, ಅವರು ಹೇಳಿದ ಆಸ್ಪತ್ರೆಗೆ ಹೋಗಿ, ಕರೆಯ ನೋಂದಣಿ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ತರಗತಿ ತಪ್ಪಿದರೆ 095/ಯು ನಮೂನೆಯ ಪತ್ರವನ್ನು ಅದೇ ದಿನ ವೈದ್ಯರಿಂದ ಕೇಳಿ ಪಡೆಯಲಿ, ವಾಸಿಯಾದ ಮೇಲೆ ಹಿಂದಿನ ದಿನಾಂಕಕ್ಕೆ ಬರೆದುಕೊಡುವುದಿಲ್ಲ. ವಿಮೆ ಮುಗಿಯುವ ದಿನ ಮತ್ತು ವೀಸಾ ಮುಗಿಯುವ ದಿನ ಬೇರೆ ಬೇರೆ ಇರುತ್ತವೆ. ಬೇಸಿಗೆಯಲ್ಲಿ ಊರಿಗೆ ಬಂದು ಹೋಗುವ ವಿದ್ಯಾರ್ಥಿಗಳ ವಿಮೆ ಆ ನಡುವೆ ಮುಗಿದುಹೋಗಿ, ಮರಳಿದ ಮೊದಲ ವಾರಗಳಲ್ಲಿ ಅವರಿಗೆ ರಕ್ಷಣೆಯೇ ಇರುವುದಿಲ್ಲ. ವಿಮಾನ ಹತ್ತುವ ಮುನ್ನ ಆ ದಿನಾಂಕ ನೋಡಿಕೊಳ್ಳಲು ಹೇಳಿ.